ಯಗಚಿ ತೀರದಲ್ಲಿ ಹೈಡೆಲ್ಬರ್ಗ್ ಭಾವ

ನಮ್ಮ ಭಾವ ಜರ್ಮನಿಯ ಹೈಡೆಲ್ಬರ್ಗನ್ನು ನೋಡಿದ್ದು ಒಂದೇ ಒಂದು ಶನಿವಾರ. ಕಂಪನಿ ಕೆಲಸದ ಮೇಲೆ ಹೋದವರು, ರಜೆಯ ದಿನ ಬಟ್ಟೆ ಒಗೆಯುವುದೋ ಊರು ನೋಡುವುದೋ ಎಂಬ ಪ್ರಶ್ನೆ ಬಂದಾಗ ಊರನ್ನು ಆರಿಸಿಕೊಂಡರು. ಬೆಳಿಗ್ಗೆ ಹೋದರು, ಸಂಜೆ ಬಂದರು. ಅಷ್ಟಕ್ಕೇ ಯುರೋಪಿನ ಇತಿಹಾಸದ ಅಧಿಕೃತ ವಕ್ತಾರರಾಗಿಬಿಟ್ಟರು. ಈಗ ನಮ್ಮ ಬಳಗದಲ್ಲಿ ಯಾರ ಮದುವೆಯೇ ಆಗಲಿ, ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಪಂಕ್ತಿಯ ನಡುವೆ ನೆಕ್ಕರ್ ನದಿ ಹರಿಯತೊಡಗುತ್ತದೆ. ನದಿಯ ಮೇಲೊಂದು ಹಳೇ ಸೇತುವೆ, ಸೇತುವೆಯಾಚೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಕೋಟೆಯ ನೆಲಮಾಳಿಗೆಯಲ್ಲಿ 1751ರಲ್ಲಿ ಮಾಡಿದ ಮರದ ಪೀಪಾಯಿ. ಸುಮಾರು 2 ಲಕ್ಷ 20 ಸಾವಿರ ಲೀಟರ್ ವೈನ್ ಹಿಡಿಯುತ್ತದಂತೆ. ಸಾರು ಬಡಿಸುವವನು ಬಕೆಟ್ ಕೆಳಗಿಟ್ಟು ಕೇಳುತ್ತಾನೆ: ‘ಈಗ ತುಂಬಿದೆಯಾ ಸ್ವಾಮಿ?’ ಖಾಲಿ ಇದೆ. ಖಾಲಿ ಪೀಪಾಯಿ ನೋಡಲು ಟಿಕೆಟ್ ಇದೆ. ಅದೇ ಜರ್ಮನ್ನರ ಶಿಸ್ತು ಎನ್ನುತ್ತಾರೆ ಭಾವ.

ಇಂಥ ಭಾವ ಬೇಲೂರು, ಹಳೇಬೀಡನ್ನು ನೋಡಿರಲಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಶಾಲೆಯ ಪ್ರವಾಸದ ದಿನ ಜ್ವರ ಬಂದಿತ್ತಂತೆ. ಆಮೇಲೆ ಜ್ವರ ಬಿಟ್ಟಿತು, ಬೇಲೂರೂ ಬಿಟ್ಟಿತು. 2023ರ ಸೆಪ್ಟೆಂಬರ್ 18ರಂದು ಸೌದಿಯ ರಿಯಾದ್‌ನಲ್ಲಿ ಕೂತ ಯುನೆಸ್ಕೊ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಅವರಿಗೆ ಧೈರ್ಯ ಬಂತು. ‘ಲಿಸ್ಟಲ್ಲಿ ಬಂತಲ್ಲ, ಇನ್ನು ನೋಡಬಹುದು’ ಎಂದು ಫೋನ್ ಮಾಡಿದರು. ಒಂಬೈನೂರು ವರ್ಷ ಮಳೆ ಬಿಸಿಲಿಗೆ ನಿಂತ ಕಲ್ಲು ತನ್ನ ಯೋಗ್ಯತೆಯನ್ನು ರಿಯಾದ್‌ನಲ್ಲಿ ಸಾಬೀತು ಮಾಡುವವರೆಗೂ ನಮ್ಮ ಭಾವ ಕಾದಿದ್ದರು. ತಾಳ್ಮೆಯ ಮನುಷ್ಯ.

ನಮ್ಮ ಮನೆ ಅರಸೀಕೆರೆಯಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿಯಿಂದ ಹಾಸನ, ಮೈಸೂರಿನ ಹಳಿ ಕವಲೊಡೆಯುವುದು ಇಲ್ಲೇ. ಹಾಗಾಗಿ ಅರಸೀಕೆರೆಯನ್ನು ನೋಡದ ಕನ್ನಡಿಗರಿಲ್ಲ, ಇಲ್ಲಿ ಇಳಿದವರೂ ಇಲ್ಲ. ನಿದ್ದೆಗಣ್ಣಲ್ಲಿ ಕಿಟಕಿಯ ಕಬ್ಬಿಣದ ಸರಳಿಗೆ ಮೂಗು ಒತ್ತಿ ‘ಯಾವೂರು?’ ಎನ್ನುತ್ತಾರೆ, ‘ಅರಸೀಕೆರೆ’ ಎಂದರೆ ಸಮಾಧಾನವಾಗಿ ಮಗ್ಗುಲಾಗುತ್ತಾರೆ. ನಾವೂ ಅದಕ್ಕೆ ಬೇಸರ ಮಾಡಿಕೊಂಡವರಲ್ಲ. ನಮ್ಮ ಜೀವ ಇರುವುದು ತೆಂಗಿನ ತೋಟದಲ್ಲಿ, ಕೊಬ್ಬರಿಯಲ್ಲಿ. ಇವತ್ತು ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಷ್ಟು ಎಂದು ನಡುರಾತ್ರಿ ಎಬ್ಬಿಸಿ ಕೇಳಿದರೂ ಪಾವಲಿ ಹೆಚ್ಚುಕಮ್ಮಿಯಿಲ್ಲದೆ ಹೇಳುತ್ತೇವೆ. ಊರೊಳಗೇ ಇರುವ ಹೊಯ್ಸಳರ ಶಿವಾಲಯ ಯಾವ ವರ್ಷದ್ದು ಎಂದು ಕೇಳಿದರೆ ಮಾತ್ರ ‘ಹಳೇದು’ ಎನ್ನುತ್ತೇವೆ. ಅದು 1220ರದ್ದು. ಅದರ ಮಾತು ಆಮೇಲೆ.

ಭಾವ, ಅಕ್ಕ ಬೆಳಗಿನ ರೈಲಿಗೆ ಬಂದಿಳಿದರು. ಭಾವನ ಕೈಯಲ್ಲಿ ಹಾಳೆಯೊಂದಿತ್ತು. ‘ನೋಡಲೇಬೇಕಾದ ಹತ್ತು’ ಎಂದು ಎಲ್ಲಿಂದಲೋ ಇಳಿಸಿ ಮುದ್ರಿಸಿಕೊಂಡಿದ್ದು. ಪಕ್ಕದಲ್ಲಿ ಟಿಕ್ ಹಾಕಲು ಪುಟ್ಟ ಪುಟ್ಟ ಚೌಕ. ಹೈಡೆಲ್ಬರ್ಗ್‌ನಲ್ಲೂ ಹೀಗೇ ಮಾಡಿದ್ದರಂತೆ. ಅಲ್ಲಿ ಒಂಬತ್ತು ಮುಗಿಸಿದ್ದರು. ಹತ್ತನೆಯದು ನದಿಯಾಚೆ ಗುಡ್ಡದ ಮೇಲಿನ ತತ್ವಜ್ಞಾನಿಗಳ ದಾರಿ. ಏರು ಜಾಸ್ತಿ ಎಂದು ಬಿಟ್ಟರು. ತತ್ವಜ್ಞಾನಕ್ಕೂ ಅವರಿಗೂ ಅಂದಿನಿಂದಲೇ ಅಷ್ಟಕ್ಕಷ್ಟೆ.

ಬಾಣಾವರ ದಾಟಿ ಜಾವಗಲ್ ಬಂತು. ಭಾವ ಕಾರು ನಿಲ್ಲಿಸಿ ಎಂದರು. ಇಲ್ಲೊಂದು ಒಳ್ಳೆಯ ತ್ರಿಕೂಟ ದೇವಾಲಯವಿದೆ, ಲಕ್ಷ್ಮೀನರಸಿಂಹನದು, ಹದಿಮೂರನೇ ಶತಮಾನದ ಹೊಯ್ಸಳ ಕೆಲಸ ಎಂದು ನಾನು ಬಾಯಿ ತೆರೆಯುವುದರೊಳಗೆ ಅವರು ಊರಿನ ಹೆಸರಿನ ಫಲಕದ ಮುಂದೆ ನಿಂತು ಬೌಲಿಂಗ್ ಮಾಡುವ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡು ಮುಗಿಸಿದ್ದರು. ಕ್ರಿಕೆಟಿಗ ಶ್ರೀನಾಥ್ ಹೆಸರಿನ ಹಿಂದೆ ಊರು ಇರುವುದರಿಂದ ಜಾವಗಲ್‌ಗೆ ಇಷ್ಟಾದರೂ ದಕ್ಕಿತು. ನರಸಿಂಹ ವೇಗದ ಬೌಲರ್ ಅಲ್ಲ.

ಹಳೇಬೀಡಿಗೆ ಬಂದ ತಕ್ಷಣ ಭಾವ ಹುಡುಕಿದ್ದು ಟಿಕೆಟ್ ಕೌಂಟರನ್ನು. ದೇವಸ್ಥಾನಕ್ಕೆ ಟಿಕೆಟ್ ಇಲ್ಲ ಎಂದಾಗ ಅವರ ಮುಖ ಸಣ್ಣಗಾಯಿತು. ದುಡ್ಡು ಕೊಡದೆ ನೋಡಿದ್ದನ್ನು ಹೈಡೆಲ್ಬರ್ಗಿಗೆ ಹೋಲಿಸುವುದು ಹೇಗೆ? ಕೊನೆಗೆ ಚಪ್ಪಲಿ ಕಾಯುವವನಿಗೆ, ಎಳನೀರಿನವನಿಗೆ, ಹೊಯ್ಸಳ ಲಾಂಛನದ ಕೀಚೈನ್ ಮಾರುವ ಹುಡುಗನಿಗೆ ಕೊಟ್ಟ ಮೇಲೆ ಜಾಗಕ್ಕೊಂದು ಘನತೆ ಬಂದಂತೆ ಅವರಿಗೆ ಅನಿಸಿತು.

ಹೊಯ್ಸಳೇಶ್ವರದ ಎದುರು ನಿಂತು ಮೇಲೆ ಕೆಳಗೆ ನೋಡಿದರು.

‘ಮೇಲೇನೂ ಇಲ್ವಲ್ಲೋ? ಗೋಪುರ?’

‘ಶಿಖರ ಈಗ ಇಲ್ಲ ಭಾವ.’

‘ಸರ್ಕಾರ ಕಟ್ಟಿಸಬಾರದಾ? ಸಿಮೆಂಟಲ್ಲಿ ಮೇಲೊಂದು ಎಬ್ಬಿಸಿ, ರಾತ್ರಿ ಬಣ್ಣದ ಲೈಟ್ ಬಿಟ್ಟರೆ ಎಲ್ಲಿಗೋ ಹೋಗುತ್ತೆ ಇದು.’

ಇದೇ ಮನುಷ್ಯ ಹೈಡೆಲ್ಬರ್ಗ್ ಕೋಟೆಯ ಮುರುಕು ಗೋಡೆಗಳ ಬಗ್ಗೆ ಹೇಳುವಾಗ ಧ್ವನಿ ತೇವ ಮಾಡಿಕೊಳ್ಳುತ್ತಾರೆ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯ ಅದನ್ನು 1689ರಲ್ಲಿ ಕೆಡವಿತು. ಸಾಲದು ಎಂದು 1693ರಲ್ಲಿ ಬಂದು ಮತ್ತೆ ಕೆಡವಿತು. ಉಳಿದದ್ದಕ್ಕೆ 1764ರಲ್ಲಿ ಸಿಡಿಲು ಹೊಡೆಯಿತು. ಇಪ್ಪತ್ತನೇ ಶತಮಾನದ ಹೊಸ್ತಿಲಲ್ಲಿ ಅದನ್ನು ಪೂರ್ತಿ ಹೊಸದಾಗಿ ಕಟ್ಟೋಣವೇ ಎಂದು ಅಲ್ಲಿಯವರಲ್ಲೇ ದೊಡ್ಡ ಜಗಳ ನಡೆಯಿತು. ಗಿಯೋರ್ಗ್ ಡೇಹಿಯೊ ಎಂಬ ಕಲೆಯ ಇತಿಹಾಸಕಾರ, ಇದ್ದದ್ದನ್ನು ಕಾಪಾಡಿ, ಇಲ್ಲದ್ದನ್ನು ಹುಟ್ಟಿಸಬೇಡಿ ಎಂದು 1901ರಲ್ಲಿ ಬರೆದು ವಾದಿಸಿದ. ಮುರಿದದ್ದು ಬಹುಪಾಲು ಮುರಿದಂತೆಯೇ ಉಳಿಯಿತು. ಅದಕ್ಕೇ ಜನ ಹೋಗುತ್ತಾರೆ, ಕವಿಗಳು ಬರೆದರು, ಚಿತ್ರಕಾರರು ಬಿಡಿಸಿದರು. ಹಳೇಬೀಡು, ಅಂದರೆ ಅಂದಿನ ದೋರಸಮುದ್ರಕ್ಕೂ ಎರಡು ಸಲದ ಪಾಳಿ ಬಿತ್ತು. 1311ರಲ್ಲಿ ಮಲಿಕ್ ಕಾಫರ್, 1327ರಲ್ಲಿ ತುಘಲಕನ ಸೇನೆ. ಅಲ್ಲಿ ಎರಡು ಸಲ ಬಿದ್ದದ್ದು ರಮ್ಯ, ಇಲ್ಲಿ ಎರಡು ಸಲ ಬಿದ್ದದ್ದು ರಿಪೇರಿ ಬಾಕಿ. ಫ್ರೆಂಚರು ಒಡೆದರೆ ಸೊಬಗು, ದಿಲ್ಲಿಯವರು ಒಡೆದರೆ ವಾಟ್ಸಾಪ್.

ಗೈಡ್ ಸಿಕ್ಕಿದರು. ಅನುಭವಸ್ಥರು. ಕೈಯಲ್ಲೊಂದು ಕೋಲು. ಮೊದಲ ಸಲ ಬಂದವರ ಮುಖ ನೋಡಿಯೇ ಎಷ್ಟು ಇತಿಹಾಸ ಹಿಡಿಸುತ್ತದೆ ಎಂದು ಅಳೆಯಬಲ್ಲವರು. ತಳದ ಆನೆಗಳ ಸಾಲಿಗೆ ಕೋಲು ಮುಟ್ಟಿಸಿ ಸಂಖ್ಯೆಯೊಂದನ್ನು ಹೇಳಿದರು, ಒಂದರಂತೆ ಇನ್ನೊಂದಿಲ್ಲ ಎಂದರು. ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ತಂಡಕ್ಕೆ ಇನ್ನೊಬ್ಬ ಗೈಡ್ ಅದೇ ಆನೆಗಳಿಗೆ ಬೇರೆ ಸಂಖ್ಯೆ ಹೇಳಿದರು. ಭಾವ ಎರಡನ್ನೂ ಬರೆದುಕೊಂಡು ಸರಾಸರಿ ತೆಗೆದರು. ಆನೆಯ ಮೇಲಿನ ಸಾಲಲ್ಲಿ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ, ಆಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಕೋಲು ಅಲ್ಲಿಗೆಲ್ಲ ಹೋಗಲಿಲ್ಲ. ಕೋಲು ಹೋಗದ ಕಡೆ ಭಾವನ ಕಣ್ಣೂ ಹೋಗಲಿಲ್ಲ.

ಬೇಲೂರನ್ನು ಒಳಗೆ ನೋಡಬೇಕು, ಹಳೇಬೀಡನ್ನು ಹೊರಗೆ ನೋಡಬೇಕು ಎಂದು ನಮ್ಮ ಕಡೆ ಹಿರಿಯರ ಮಾತಿದೆ. ಹಿರಿಯರ ಕಾಲದಲ್ಲಿ ಮೊಬೈಲ್ ಇರಲಿಲ್ಲ. ಈಗ ಎರಡನ್ನೂ ಬೆನ್ನ ಹಿಂದೆ ನೋಡುತ್ತಾರೆ. ಗೋಡೆಗೆ ಬೆನ್ನು ಕೊಟ್ಟು, ಕೈ ಚಾಚಿ, ಪರದೆಯೊಳಗೆ ತಮ್ಮ ಮುಖದ ಪಕ್ಕ ಕೈಲಾಸ ಎತ್ತುವ ರಾವಣ ಬಂದನೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅವನು ಬೆಟ್ಟ ಎತ್ತುತ್ತಿರುವುದು ಇವರ ಗಲ್ಲವನ್ನು ಎತ್ತಿ ತೋರಿಸಲಿಕ್ಕೇ ಎಂಬಂತೆ.

ದೇವಸ್ಥಾನದ ಬಳಿಯೇ ಗರುಡ ಸ್ತಂಭವಿದೆ. ಅದರ ಮುಂದೆ ನಡೆದದ್ದನ್ನು ಬರೆಯದಿದ್ದರೆ ನನ್ನ ಕೈ ಸುಮ್ಮನಿರದು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೂ ಅವನ ಹೆಂಡತಿಯೂ ಅವರ ಗರುಡ ಪಡೆಯೂ ಅರಸನೊಂದಿಗೆ ಪ್ರಾಣ ಕೊಟ್ಟದ್ದರ ನೆನಪು ಅದು. ಕಂಬದ ಮೇಲೆ ವೀರರು ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಹೊಯ್ಸಳ ಶಿಲ್ಪದಲ್ಲಿ ನಗು, ನಾಟ್ಯ, ಬೇಟೆ, ಪ್ರೇಮ ಎಲ್ಲ ಬೇಕಾದಷ್ಟಿದೆ. ಎದೆ ಝಲ್ಲೆನ್ನುವುದು ಇಲ್ಲಿ ಮಾತ್ರ. ಭಾವ ಅದರ ಕೆಳಗೆ ನಿಂತು ಎರಡು ಬೆರಳೆತ್ತಿ ವಿಜಯದ ಸಂಕೇತ ಮಾಡಿದರು. ‘ಸ್ವಲ್ಪ ನಗಿ’ ಎಂದಳು ಅಕ್ಕ, ಮೊಬೈಲ್ ಹಿಡಿದು. ನಕ್ಕರು. ಮೇಲೆ ತಲೆಗಳು ಉರುಳುತ್ತಿದ್ದವು.

‘ಜೇಮ್ಸ್ ಫರ್ಗುಸನ್ ಅಂತ ಒಬ್ಬರಿದ್ದರು ಭಾವ. 1876ರ ತಮ್ಮ ಪುಸ್ತಕದಲ್ಲಿ ಇದನ್ನು ಗ್ರೀಸಿನ ಪಾರ್ಥೆನಾನ್ ಪಕ್ಕ ಇಟ್ಟು ಮಾತಾಡಿದ್ದಾರೆ’ ಎಂದೆ.

‘ಬ್ರಿಟಿಷರಾ? ಮೊದಲೇ ಹೇಳಬಾರದೇನೋ!’ ಎಂದು ಭಾವ ಹಿಂದಿರುಗಿ ಹೋಗಿ, ಆಗಲೇ ನೋಡಿದ್ದ ಗೋಡೆಯನ್ನು ಈ ಸಲ ಗೌರವದಿಂದ ನೋಡಿ ಬಂದರು.

ಅಲ್ಲಿಂದ ಕೂಗಳತೆಯಲ್ಲಿ ಬಸದಿಹಳ್ಳಿ. ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ನುಣುಪು, ಮುಂದೆ ನಿಂತರೆ ನಮ್ಮ ನೆರಳು ಒಳಗೆ ಅಲುಗಾಡುತ್ತದೆ. ಇನ್ನೊಂದು ಕಡೆ ಕೇದಾರೇಶ್ವರ. ಎರಡೂ ಭಾವನ ಹಾಳೆಯಲ್ಲಿರಲಿಲ್ಲ. ಹಾಳೆಯಲ್ಲಿಲ್ಲದ್ದನ್ನು ನೋಡಿದರೆ ಟಿಕ್ ಹಾಕುವುದೆಲ್ಲಿ?

ಬೇಲೂರಿಗೆ ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಮೊದಲು ಕಂಡದ್ದು ಎತ್ತರದ ಗೋಪುರ. ‘ಆಹಾ, ಹೊಯ್ಸಳರ ಕೆಲಸ ಅಂದರೆ ಇದು’ ಎಂದು ಭಾವ ಹತ್ತಾರು ಫೋಟೊ ಹೊಡೆದರು. ಅದು ಹೊಯ್ಸಳರದ್ದಲ್ಲ. ವಿಜಯನಗರದ ಇಮ್ಮಡಿ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ದಂಡನಾಯಕ ಕಟ್ಟಿಸಿದ್ದು. ಒಳಗಿರುವ ಚೆನ್ನಕೇಶವನ ಗುಡಿಗೆ ಆ ಹೊತ್ತಿಗೆ ಇನ್ನೂರೆಂಬತ್ತು ವರ್ಷ ವಯಸ್ಸಾಗಿತ್ತು. ಹೊಯ್ಸಳ ದೊರೆ ವಿಷ್ಣುವರ್ಧನ ವಿಜಯನಾರಾಯಣ ಎಂದು ಹೆಸರಿಟ್ಟು ಅದನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಹೈಡೆಲ್ಬರ್ಗ್ ಎಂಬ ಊರಿನ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 1196ರಲ್ಲಿ ಎಂದು ನಾನು ಮೆಲ್ಲಗೆ ಹೇಳಿದೆ. ಭಾವ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಬರಿಗಾಲಲ್ಲಿ ಜಗತಿ ಹತ್ತಿದ್ದರು.

ಮಧ್ಯಾಹ್ನದ ಬೇಲೂರು ಜಗತಿ ಕಾದ ಕಾವಲಿ. ಮೊದಲ ಸಲ ಬಂದವರೆಲ್ಲ ಅದರ ಮೇಲೆ ಭರತನಾಟ್ಯ ಕಲಿಯುತ್ತಾರೆ, ಗುರುವಿಲ್ಲದೆ. ಸಾಲದ್ದಕ್ಕೆ ಅದು ನಕ್ಷತ್ರಾಕಾರ. ನೇರ ಓಡುವಂತಿಲ್ಲ. ಒಂದು ಮೂಲೆಗೆ ಒಳಗೆ, ಇನ್ನೊಂದು ಮೂಲೆಗೆ ಹೊರಗೆ, ಮತ್ತೆ ಒಳಗೆ. ಬ್ಯಾಂಕ್ ಮ್ಯಾನೇಜರುಗಳು, ಸಾಫ್ಟ್‌ವೇರ್ ಎಂಜಿನಿಯರುಗಳು, ಹೊಸದಾಗಿ ಮದುವೆಯಾದವರು ಎಲ್ಲರೂ ಹಾಗೇ ಕುಣಿದು ನೆರಳಿನ ಒಂದು ಗೇಣು ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಅದನ್ನೇ ಹೊರಗಿನಿಂದ ನೋಡಿದವರಿಗೆ ‘ಎಷ್ಟು ಭಕ್ತಿಯಿಂದ ಸಾಲುಗಟ್ಟಿದ್ದಾರೆ’ ಅನಿಸುತ್ತದೆ.

ಬೇಲೂರಿನ ಗೈಡಿಗೆ ಒಂದು ವ್ಯಾಕರಣವಿದೆ. ಅದರಲ್ಲಿ ಎಲ್ಲವೂ ಹಿಂದೆ ಆಗುತ್ತಿತ್ತು. ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತು. ಒಳಗಿನ ಮದನಿಕೆಯ ಕೈಬಳೆ ಹಿಂದೆ ತಿರುಗುತ್ತಿತ್ತು. ‘ಈಗ?’ ಎಂದರೆ, ‘ಈಗ ಜನ ಜಾಸ್ತಿ ಸಾರ್.’ ಇನ್ನೊಂದು ಲಕ್ಷಣ, ಅಲ್ಲಿ ಹಳೆಯದೆಲ್ಲ ಹೊಸದು. ಬೇಟೆಗೆ ಹೊರಟವಳು ತೊಟ್ಟದ್ದು ಮಿನಿಸ್ಕರ್ಟ್. ಇವಳದು ಬಾಬ್ ಕಟ್. ಅವಳ ಕಾಲಲ್ಲಿ ಹೈಹೀಲ್ಸ್. ಅದೋ, ಅಲ್ಲಿ ದುರ್ಬೀನು ಹಿಡಿದವನು. ಇಷ್ಟು ಹೇಳಿ ಗೈಡ್ ವಿಜಯದ ನಗೆ ನಗುತ್ತಾರೆ, ನಮ್ಮವರು ಚಪ್ಪಾಳೆ ತಟ್ಟುತ್ತಾರೆ. ಗೈಡನ್ನು ಬೈದು ಫಲವಿಲ್ಲ. ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಜನರ ಮುಖ ಓದಿ ಕಲಿತ ಪಾಠ ಅದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ, ಅದಕ್ಕೇ ಇಷ್ಟು ನವಿರು ಕೆಲಸ ಸಾಧ್ಯವಾಯಿತು ಎಂದರೆ ಆಕಳಿಸುತ್ತಾರೆ. ಮಿನಿಸ್ಕರ್ಟ್ ಎಂದರೆ ಕತ್ತೆತ್ತುತ್ತಾರೆ. ಒಂಬೈನೂರು ವರ್ಷದ ಹಿಂದಿನವರು ಅವರ ಪಾಡಿಗೆ ಬದುಕಿದ್ದರು ಎಂಬುದರಿಂದ ನಮಗೇನು ಲಾಭ? ಅವರು ನಮ್ಮಂತೆ ಬದುಕಿದ್ದರು ಎಂದರೆ ನಮಗೊಂದು ಸರ್ಟಿಫಿಕೇಟು.

ಭಾವನಿಗೆ ತುಂಬ ಹಿಡಿಸಿದ್ದು 42. ಮದನಿಕೆಯರು 42, ಹೊರಗೆ 38 ಒಳಗೆ ನಾಲ್ಕು. ಬುಡಕ್ಕೆ ಆಧಾರವೇ ಇಲ್ಲದೆ ತನ್ನ ಭಾರದಿಂದಲೇ ನಿಂತಿರುವ ದೀಪಸ್ತಂಭ ಗೈಡಿನ ಪ್ರಕಾರ 42 ಅಡಿ. ಭಾರತದಿಂದ ಯುನೆಸ್ಕೊ ಪಟ್ಟಿ ಸೇರಿದ 42ನೇ ತಾಣವೂ ಇದೇ. ‘ನೋಡಿದೆಯಾ, ವಿಷ್ಣುವರ್ಧನನಿಗೆ ಆಗಲೇ ಗೊತ್ತಿತ್ತು’ ಎಂದರು ಭಾವ. ಗೈಡ್ ಅವರನ್ನು ಮೆಚ್ಚುಗೆಯಿಂದ ನೋಡಿದರು. ಮುಂದಿನ ತಂಡಕ್ಕೆ ಆ ಮಾತು ಹೋಗುವುದು ಖಂಡಿತ.

ದರ್ಪಣ ಸುಂದರಿಯ ಕೆಳಗೆ ಗುಂಪು ದಟ್ಟವಾಗಿತ್ತು. ‘ಇವಳೇ ಶಾಂತಲೆ’ ಎಂದರು ಗೈಡ್. ಮುಂದಿನವಳೂ ಶಾಂತಲೆ. ಗಿಳಿ ಹಿಡಿದವಳು, ಜಡೆ ಹಿಂಡುವವಳು, ಕುಣಿಯುವವಳು, ಎಲ್ಲರೂ ಶಾಂತಲೆ. ವಿಷ್ಣುವರ್ಧನನ ಪಟ್ಟದರಸಿಗೆ ರಾಜ್ಯದ ಕೆಲಸ ಬಿಟ್ಟು ಇಷ್ಟೊಂದು ಭಂಗಿಯಲ್ಲಿ ನಿಲ್ಲಲು ಪುರಸೊತ್ತು ಎಲ್ಲಿತ್ತೋ. ಅದೇ ಶಾಂತಲೆ ತಾನೇ ಮುಂದೆ ನಿಂತು ಕಟ್ಟಿಸಿದ ಗುಡಿ ಅದೇ ಪ್ರಾಕಾರದಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿದೆ. ಅದೂ 1117ರ ಕಾಲದ್ದೇ. ಜನ ಅಲ್ಲಿಗೂ ಹೋಗುತ್ತಾರೆ, ಆದರೆ ಅರಸಿಯನ್ನು ಕೇಳಿಕೊಂಡಲ್ಲ, ಕಪ್ಪೆಯನ್ನು ಕೇಳಿಕೊಂಡು. ಕಪ್ಪೆ ಚೆನ್ನಿಗರಾಯ. ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳಿದ, ಉಳಿ ತಾಗಿಸಿದರೆ ಹೊಟ್ಟೆಯಿಂದ ಕಪ್ಪೆ ಹಾರಿತು, ಹುಡುಗ ಮಗ ಡಂಕಣನೇ ಎಂದು ಗೊತ್ತಾಯಿತು, ತಂದೆ ಕೈ ಕತ್ತರಿಸಿಕೊಂಡ. ಕಥೆ ಚೆನ್ನಾಗಿದೆ. ನನಗೂ ಚಿಕ್ಕಂದಿನಿಂದ ಬಾಯಿಪಾಠ. ಕಥೆಯ ಜಕಣಾಚಾರಿಗೆ ಸರ್ಕಾರದ ಪ್ರಶಸ್ತಿಯಿದೆ, ಸಂಸ್ಮರಣೆಯ ದಿನವಿದೆ, ಅವನ ಹೆಸರಲ್ಲಿ ಸಿನಿಮಾವೂ ಬಂದಿದೆ. ಇಲ್ಲದ್ದು ಒಂದೇ, ಈ ಕಲ್ಲುಗಳ ಮೇಲೆ ಅವನ ರುಜು.

ರುಜು ಹಾಕಿದವರು ಬೇರೆ ಇದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಾವು ಕೆತ್ತಿದ ಮದನಿಕೆಯರ ಪೀಠದಲ್ಲಿ, ಅಚ್ಚ ಕನ್ನಡ ಲಿಪಿಯಲ್ಲಿ, ಊರು, ಹೆಸರು, ಬಿರುದು ಎಲ್ಲ ಕೆತ್ತಿ ಹೋಗಿದ್ದಾರೆ. ಎದುರಾಳಿ ಶಿಲ್ಪಿಗಳಿಗೆ ಕೊಂಕು ನುಡಿಯುವ ಬಿರುದುಗಳೂ ಅದರಲ್ಲಿವೆ, ಅಂದರೆ ಕಲಾವಿದರು ಆಗಲೂ ಕಲಾವಿದರೇ. ಇಲ್ಲಿ ತಂದೆ ಮಗ ಇಬ್ಬರೂ ಜಗಳವಾಡದೆ, ಕೈ ಕತ್ತರಿಸಿಕೊಳ್ಳದೆ, ಒಂದೇ ಗುಡಿಯಲ್ಲಿ ಕೆಲಸ ಮಾಡಿ ಸಂಬಳ ಎಣಿಸಿಕೊಂಡು ಶಿಕಾರಿಪುರದ ಕಡೆಗೆ ಹೊರಟಿದ್ದಾರು. ಇದರಲ್ಲಿ ಕಣ್ಣೀರಿಲ್ಲ, ಕಪ್ಪೆಯೂ ಇಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಅಚ್ಚು ಹಾಕಿಸಿದ್ದು 1902ರಲ್ಲಿ. ಓದಿದವರು ಓದಿದ್ದಾರೆ. ಗೈಡಿನ ಕೋಲಿಗೆ ಮಾತ್ರ ಆ ಅಕ್ಷರಗಳು ಇನ್ನೂ ತಾಗಿಲ್ಲ.

‘ಭಾವ, ಆ ಮದನಿಕೆಯ ಕಾಲ ಬುಡದಲ್ಲಿ ಬರಹ ಇದೆ ನೋಡಿ, ಕೆತ್ತಿದವರ ಹೆಸರು’ ಎಂದು ತೋರಿಸಿದೆ.

‘ಕಲ್ಲಿನ ಮೇಲೆ ಹೆಸರು ಬರೆಯೋ ಚಾಳಿ ನಮ್ಮವರಿಗೆ ಮೊದಲಿಂದ್ಲೂ ಇದೆ ಅನ್ನು’ ಎಂದರು ಭಾವ. ಹೇಳಿ, ತಮ್ಮ ಮಾತಿಗೆ ತಾವೇ ನಕ್ಕು, ಹೈಡೆಲ್ಬರ್ಗಿಗೆ ಹೊರಳಿದರು. ಅಲ್ಲಿಯ ವಿಶ್ವವಿದ್ಯಾಲಯ 1386ರದ್ದು. ಕುಡಿದು ಗಲಾಟೆ ಮಾಡಿದ ವಿದ್ಯಾರ್ಥಿಗಳನ್ನು ಕೂಡಿಹಾಕಲು ಅವರದ್ದೇ ಒಂದು ಜೈಲು ಇತ್ತು, 1914ರವರೆಗೂ. ಒಳಗಿದ್ದ ಹುಡುಗರು ಹೊತ್ತು ಹೋಗದೆ ಮಸಿಯಲ್ಲಿ, ಬಣ್ಣದಲ್ಲಿ ಗೋಡೆ ತುಂಬ ಹೆಸರು, ಮುಖ, ಟೋಪಿ ಗೀಚಿದ್ದಾರೆ. ಅದನ್ನು ಅಳಿಸದೆ ಜೋಪಾನವಾಗಿಟ್ಟು ಟಿಕೆಟ್ ಇಟ್ಟಿದ್ದಾರೆ. ಭಾವ ಯೂರೊ ತೆತ್ತು, ಸಾಲಲ್ಲಿ ನಿಂತು, ಓದಲು ಬಾರದ ಭಾಷೆಯಲ್ಲಿ ಕುಡುಕ ಹುಡುಗರು ಗೀಚಿದ್ದನ್ನು ಒಂದೊಂದಾಗಿ ನೋಡಿ ಬಂದಿದ್ದಾರೆ. ಬಳ್ಳಿಗಾವೆಯವನು ತಮ್ಮದೇ ಭಾಷೆಯಲ್ಲಿ ಹಾಕಿದ ರುಜು ಪುಕ್ಕಟೆ ಸಿಕ್ಕಿತು. ಪುಕ್ಕಟೆ ಸಿಕ್ಕದ್ದಕ್ಕೆ ಭಾವ ಕತ್ತು ಎತ್ತುವವರಲ್ಲ.

ಭಾವ ವಿದೇಶಕ್ಕೆ ಮರುಳಾಗಿ ಸ್ವದೇಶ ಮರೆತವರು ಎಂದು ಮಾತ್ರ ತಿಳಿಯಬೇಡಿ, ಅದು ಅವರಿಗೆ ಮಾಡುವ ಅನ್ಯಾಯ. ವಿದೇಶವನ್ನೂ ಅವರು ಅಷ್ಟೇ ನಿಷ್ಠೆಯಿಂದ ನೋಡಿಲ್ಲ. ಅದೇ ನೆಕ್ಕರ್ ನದಿಯ ಮೇಲ್ದಂಡೆಯಲ್ಲಿ ಟ್ಯೂಬಿಂಗೆನ್ ಎಂಬ ಹಳೇ ಊರಿದೆ. ನಮ್ಮ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಹೊರತಂದು, 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟ್ ಪಡೆದು, 1903ರಲ್ಲಿ ಅದೇ ಊರಲ್ಲಿ ಕಣ್ಣು ಮುಚ್ಚಿದರು. ‘ಅಲ್ಲಿಗೆ ಹೋಗಿದ್ರಾ ಭಾವ?’ ಎಂದು ಕೇಳಿದ್ದೆ. ‘ಹತ್ತಿರ ಹೋಗಿದ್ದೆ ಕಣೋ, ಮೆಟ್ಸಿಂಗೆನ್‌ವರೆಗೆ. ಬ್ರಾಂಡೆಡ್ ಕೋಟುಗಳೆಲ್ಲ ಅರ್ಧ ಬೆಲೆಗೆ.’ ಕಿಟೆಲ್ ನಿಘಂಟಿಗೆ ರಿಯಾಯಿತಿ ಇರಲಿಲ್ಲವಾದ್ದರಿಂದ ಆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉಳಿಯಿತು.

ಹೈಡೆಲ್ಬರ್ಗಿನ ಹಳೇ ಸೇತುವೆಯ ಬಾಯಲ್ಲಿ ಒಂದು ಲೋಹದ ಕೋತಿ ಕೂತಿದೆ, 1979ರಲ್ಲಿ ಕೂರಿಸಿದ್ದು. ಅದರ ಕೈಯಲ್ಲಿ ಕನ್ನಡಿ. ಕನ್ನಡಿ ಮುಟ್ಟಿದರೆ ದುಡ್ಡು ಬರುತ್ತದೆ, ಬೆರಳು ಮುಟ್ಟಿದರೆ ಮತ್ತೆ ಊರಿಗೆ ಬರುತ್ತೀರಿ ಎಂದು ನಂಬಿಕೆ. ಆ ಕನ್ನಡಿ ತಿರುಗಿರುವುದು ನೋಡುವವರ ಕಡೆಗೆ. ನಗಬೇಡ, ನಿನ್ನ ಮುಖವನ್ನೂ ಒಮ್ಮೆ ನೋಡಿಕೋ ಎಂಬ ಹಳೇ ಕುಚೋದ್ಯ. ಬೇಲೂರಿನ ಸುಂದರಿ ಹಾಗಲ್ಲ, ತನ್ನ ಕನ್ನಡಿ ತನಗೇ ಹಿಡಿದುಕೊಂಡಿದ್ದಾಳೆ, ಕೆಳಗೆ ಯಾರು ಬಂದರು ಹೋದರು ಅವಳಿಗೆ ಬೇಕಿಲ್ಲ. ಭಾವ ಅಲ್ಲಿ ಕೋತಿಯ ಜೊತೆ ಸೆಲ್ಫಿ ತೆಗೆದುಕೊಂಡಿದ್ದರು, ಇಲ್ಲಿ ಸುಂದರಿಯ ಜೊತೆ ತೆಗೆದುಕೊಂಡರು. ಅಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ಬಳಗದ ಗುಂಪಿಗೆ ಕಳಿಸಿದಳು. ಮೂರು ಮುಖದಲ್ಲಿ ಕನ್ನಡಿ ಬಿಟ್ಟು ಕ್ಯಾಮೆರಾ ನೋಡುತ್ತಿದ್ದುದು ಒಂದೇ.

ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುವಾಗ ಭಾವ ತಮ್ಮ ತೀರ್ಪು ಕೊಟ್ಟರು. ‘ಎಲ್ಲ ಚೆನ್ನಾಗಿದೆ ಕಣೋ. ಆದರೆ ಹೈಡೆಲ್ಬರ್ಗ್‌ಗೆ ಒಂದು ನದಿ ಇದೆ ನೋಡು, ಅದೇ ಅದರ ಜೀವ. ನಮ್ಮವರು ಬೇಲೂರನ್ನೂ ಒಂದು ನದಿ ಪಕ್ಕ ಕಟ್ಟಿದ್ದರೆ?’

ನಾನು ತುಸು ಹೊತ್ತು ಅಡಿಕೆಯನ್ನು ನೋಡಿಕೊಂಡಿದ್ದೆ. ಆಮೇಲೆ ಯಗಚಿಯ ವಿಷಯ ಹೇಳಿದೆ. ಚಿಕ್ಕಮಗಳೂರಿನ ಬಾಬಾಬುಡನ್ ಬೆಟ್ಟದ ಕಡೆಯಿಂದ ಇಳಿದು ಬಂದು, ಬೇಲೂರಿನ ಮಗ್ಗುಲಲ್ಲೇ ಹರಿದು, ಮುಂದೆ ಹೇಮಾವತಿಯನ್ನು ಸೇರುವ ನದಿ. ಹೊಯ್ಸಳರ ಈ ಊರು ಇರುವುದೇ ಆ ನೀರಿನ ಪಕ್ಕ. ಭಾವ ನಂಬಲಿಲ್ಲ. ಮೊಬೈಲ್ ತೆಗೆದು ನಕ್ಷೆ ಹಿಗ್ಗಿಸಿದರು. ನೀಲಿ ಗೆರೆ ಕಂಡ ಮೇಲೆ ‘ಹೌದಲ್ಲ!’ ಎಂದರು, ನಾನು ಇದುವರೆಗೆ ಅಡಗಿಸಿಟ್ಟಿದ್ದೆನೋ ಎಂಬಂತೆ. ಬನ್ನಿ, ಹೋಗಿ ನೋಡೋಣ ಎಂದೆ. ‘ಅಲ್ಲೇನಿದೆ?’ ಎಂದರು. ನೀರಿದೆ. ‘ಬರೀ ನೀರಾ?’ ಅಣೆಕಟ್ಟಿನ ಹಿನ್ನೀರಲ್ಲಿ ದೋಣಿ, ಜಲಕ್ರೀಡೆ ನಡೆಯುವುದುಂಟು ಎಂದಾಗ ಕಣ್ಣರಳಿತು. ಹಾಳೆ ತೆಗೆದು ನೋಡಿದರು. ಹತ್ತರಲ್ಲಿ ಯಗಚಿ ಇರಲಿಲ್ಲ. ಮಡಚಿ ಜೇಬಿಗಿಟ್ಟರು.

ವಾಪಸು ಬರುವ ದಾರಿಯುದ್ದಕ್ಕೂ ಭಾವ ನಿದ್ದೆ ಮಾಡಿದರು. ಅಕ್ಕ ಕಿಟಕಿಯಲ್ಲಿ ತೆಂಗಿನ ತೋಟ ನೋಡುತ್ತ ಬಂದಳು. ಬೆಳಗಿನಿಂದ ಅವಳು ಹೆಚ್ಚು ಮಾತಾಡಿರಲಿಲ್ಲ, ಭಾವನ ಫೋಟೊ ತೆಗೆಯುವ ಕೆಲಸದಲ್ಲಿ ಬಾಯಿಗೆ ಬಿಡುವಿರಲಿಲ್ಲ.

ಅರಸೀಕೆರೆಗೆ ಬಂದರೆ ರೈಲು ತಡ. ಇನ್ನೂ ಬೆಳಕಿತ್ತು. ಶಿವಾಲಯಕ್ಕೆ ಹೋಗಿ ಬರೋಣ ಎಂದೆ. ಶಾಸನಗಳು ಕಟ್ಟಮೇಶ್ವರ ಎಂದು ಕರೆಯುವ ಈ ಗುಡಿಗೆ ಶಿಖರವೂ ಉಳಿದಿದೆ. ಮುಂದೆ ಹದಿನಾರು ಮೊನೆಯ ನಕ್ಷತ್ರದಂತೆ ಹರಡಿಕೊಂಡ ತೆರೆದ ಮಂಟಪವಿದೆ. ಅಂಥದ್ದು ಬೇಲೂರಿನಲ್ಲೂ ಇಲ್ಲ, ಹಳೇಬೀಡಿನಲ್ಲೂ ಇಲ್ಲ. ಮೇಲೆ ಗುಮ್ಮಟದಂಥ ಛಾವಣಿ, ಸುತ್ತ ಒರಗಿ ಕೂರಲು ಕಲ್ಲಿನ ಆಸನ. ಹೊಯ್ಸಳರ ಸ್ಥಪತಿಗೆ ಅಂದು ಏನೋ ಹುಮ್ಮಸ್ಸು ಬಂದು ಯಾರೂ ಮಾಡದ್ದನ್ನು ಮಾಡಿದ್ದಾನೆ. ಅದನ್ನು ನೋಡಲು ನಮ್ಮೂರಿನವರಿಗೂ ಪುರಸೊತ್ತಿಲ್ಲ, ಕೊಬ್ಬರಿ ಹರಾಜಿನ ದಿನವಂತೂ ಕೇಳಲೇಬೇಡಿ. ಯುನೆಸ್ಕೊ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಭಾವನ ಹಾಳೆಯಲ್ಲಿ ಇರುವುದು ದೂರದ ಮಾತು.

ಅಕ್ಕ ಸೀದಾ ಹೋಗಿ ಮಂಟಪದಲ್ಲಿ ಕಾಲು ನೀಡಿ ಕೂತಳು. ಭಾವ ಹೊಸ್ತಿಲಲ್ಲೇ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೋಲು ಹಿಡಿದವರಿಲ್ಲ, ಕೀಚೈನ್ ಮಾರುವವರಿಲ್ಲ, ಸಾಲಿಲ್ಲ. ಅವರ ಮುಖದಲ್ಲಿ ದಾರಿ ತಪ್ಪಿದವರ ಗಾಬರಿ.

‘ಗೈಡ್ ಇಲ್ವಾ?’

‘ಇಲ್ಲ ಭಾವ.’

‘ಮತ್ತೆ ಏನು ನೋಡಬೇಕು ಅಂತ ಗೊತ್ತಾಗೋದು ಹೇಗೋ?’

‘ಕಣ್ಣಿದೆಯಲ್ಲ ಭಾವ.’

‘ಕಣ್ಣೇನೋ ಇದೆ’ ಎಂದು ಭಾವ ಮೊಬೈಲ್ ಎತ್ತಿ ತೋರಿಸಿದರು. ‘ಚಾರ್ಜ್ ಇಲ್ಲ ಕಣೋ.’